ದೀಪುವಿಗೊಂದು ಎಡೆ

ಹೆಗ್ಗದ್ದೆ ಕಡೆಯ ಎಸ್ಟೇಟಿನ ಹೋಂಸ್ಟೇಯಲ್ಲಿ ಅಡುಗೆಗೆ ನಿಂತ ಮೇಲೆ ಈರಮ್ಮ ನೋಡದ ಜನವಿಲ್ಲ. ಅಕ್ಕಿರೊಟ್ಟಿಗೆ ಜಾಮ್ ಸವರಿಕೊಂಡು ತಿನ್ನುವವರನ್ನು ನೋಡಿದ್ದಳು, ಜಿಗಣೆ ಕಚ್ಚಿದ್ದಕ್ಕೆ ಆಸ್ಪತ್ರೆ ಎಲ್ಲಿ ಎಂದು ಅಳುವವರನ್ನೂ ನೋಡಿದ್ದಳು. ಆದರೆ ಸತ್ತವರಿಗೆ ಹಬ್ಬ ಮಾಡಬೇಕು, ಪೇಟೆಗೆ ಬಾ ಎಂದು ಕರೆದವಳು ತೆರೇಸಾ ಒಬ್ಬಳೇ.

ತೆರೇಸಾ ಮೆಕ್ಸಿಕೋದವಳು. ಅವಳ ಊರೂ ಕಾಫಿ ಬೆಳೆಯುವ ಗುಡ್ಡವೇ ಅಂತೆ. ಹಣ್ಣನ್ನು ಹದವಾಗಿ ಹುಳಿ ಬರಿಸಿ ಒಣಗಿಸುವ ಹೊಸ ವಿಧಾನ ಹೇಳಿಕೊಡಲೆಂದು ಈ ಕುಯ್ಲಿಗೆ ಬಂದಿದ್ದಳು. ಅವಳನ್ನು ಕರೆಸಿದ್ದು ಎಸ್ಟೇಟಿನ ಸೊಸೆ ನಯನಾ. ತೆರೇಸಾಳ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುವ ಕೆಲಸವೂ ನಯನಾಳ ತಲೆಗೇ ಬಂದಿತ್ತು.

ಅಂದು ನವೆಂಬರ್ ಒಂದು. ಸಕಲೇಶಪುರದ ಪೇಟೆಯಲ್ಲಿ ಎಲ್ಲಿ ನೋಡಿದರೂ ಹಳದಿ ಕೆಂಪು ಬಾವುಟ. ಜೀಪಿನಿಂದ ಇಳಿದ ತೆರೇಸಾ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟಳು.

"ಅವಳ ಹಬ್ಬಾನ ನಾವೂ ಮಾಡ್ತೀವಾ ಅಂತ ಕೇಳ್ತಿದಾಳೆ," ಎಂದಳು ನಯನಾ. "ಇದು ರಾಜ್ಯೋತ್ಸವ ಅಂದೆ. ಪಾಪ, ಮುಖ ಸಪ್ಪಗಾಯ್ತು."

ಆದರೆ ಬೆಟ್ಟಮ್ಮನ ಹೂವಿನಂಗಡಿ ಕಂಡದ್ದೇ ತಡ, ಸಪ್ಪೆ ಮುಖ ಎಲ್ಲಿ ಹೋಯಿತೋ! ಬುಟ್ಟಿಯಲ್ಲಿದ್ದ ಚೆಂಡುಹೂವೆಲ್ಲ ತನಗೇ ಬೇಕೆಂದು ಕೂತಳು.

"ಯಾರ ಮದ್ವೆ ಈರಮ್ಮ?" ಎಂದಳು ಬೆಟ್ಟಮ್ಮ.

"ಮದ್ವೆ ಅಲ್ಲ ಕಣಕ್ಕ. ಹಿರೀಕರಿಗೆ ಎಡೆ ಇಡ್ತೀವಲ್ಲ, ಅಂಥದ್ದು."

"ಅಯ್ಯೋ ಶಿವನೇ, ಎಡೆ ಇಡಕ್ಕೆ ಹಿಂಗೆ ನಕ್ಕಂಡು ಕುಣಕಂಡು ಬತ್ತಾರಾ?"

ತೆರೇಸಾ ಅದನ್ನು ಕೇಳಿ ಇನ್ನೂ ನಕ್ಕಳು. ವರ್ಷವೆಲ್ಲ ಕಾದಿದ್ದು ನೆಂಟರು ಬರುವಾಗ ಅಳುತ್ತಾರೆಯೇ ಎಂದು ನಯನಾಳ ಬಾಯಲ್ಲಿ ಉತ್ತರ ಕೊಡಿಸಿದಳು. ಬೆಟ್ಟಮ್ಮನಿಗೆ ಏನನ್ನಿಸಿತೋ, ಮೇಲೊಂದು ಬೊಗಸೆ ಹೂವನ್ನು ಸುಮ್ಮನೆ ಹಾಕಿದಳು.

ಅಲ್ಲಿಂದ ತರಕಾರಿ. ಸಿಹಿಗುಂಬಳ, ಜೋಳದ ತೆನೆ, ಬಾಳೆಎಲೆ. ಕುಂಬಳವನ್ನು ಬೆಲ್ಲದಲ್ಲಿ ಬೇಯಿಸುತ್ತಾರಂತೆ, ಜೋಳದ ಹಿಟ್ಟಿನೊಳಗೆ ಕೋಳಿ ತುಂಬಿ ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುತ್ತಾರಂತೆ. ಕಡುಬಿಗೆ ಕೋಳಿ ತುಂಬುವ ಜನ ಎಂದು ಈರಮ್ಮ ಮನಸ್ಸಿನಲ್ಲೇ ಮೂಗು ಮುರಿದಳು, ಆದರೆ ಬಾಯಲ್ಲಿ ನೀರೂ ಬಂತು. ಚೆಂಡುಹೂವು, ಜೋಳ, ಕುಂಬಳ, ಮೆಣಸಿನಕಾಯಿ ಎಲ್ಲವೂ ಬಹಳ ಹಿಂದೆ ಅವರ ಕಡೆಯಿಂದಲೇ ಬಂದದ್ದು ಎಂದು ನಯನಾ ಹೇಳಿದಾಗ ಮಾತ್ರ ಸುಮ್ಮನಿರಲಾಗಲಿಲ್ಲ.

"ಮೆಣಸಿನಕಾಯೂ? ಸುಮ್ನಿರಿ ನಯನಮ್ಮ! ಹಂಗಾರೆ ನಮ್ಮ ತಾತ ಮುತ್ತಾತದೀರು ಸಾರಿಗೆ ಏನು ಹಾಕ್ತಿದ್ರು?"

"ಕರಿಮೆಣಸು ಇತ್ತಲ್ಲ ಈರಮ್ಮ."

ಈರಮ್ಮ ಅದಕ್ಕೆ ಒಪ್ಪಿಕೊಂಡಳು, ಅರ್ಧ ಮನಸ್ಸಿನಿಂದ.

ಬೇಕರಿಯ ಮುಂದೆ ಫಜೀತಿಯಾಯಿತು. ತೆರೇಸಾಳಿಗೆ ಸಕ್ಕರೆಯ ತಲೆಬುರುಡೆ ಬೇಕಂತೆ. ಅದನ್ನು ಹೇಗೆ ಕೇಳುವುದೆಂದು ನಯನಾ ಒದ್ದಾಡಿದಳು. ಬೇಕರಿಯವನು ಕೇಕಿನ ಮೇಲಿನ ಗೊಂಬೆ ತೋರಿಸಿದ. ಈರಮ್ಮ ನಡುವೆ ಬಾಯಿ ಹಾಕಿದಳು: "ಸಂಕ್ರಾಂತಿಗೆ ಮಾಡ್ತೀವಲ್ಲ ಸಕ್ಕರೆ ಅಚ್ಚು, ಅದನ್ನೇ ಮಾಡಿದ್ರಾಯ್ತು. ನಮ್ಮನೇಲಿ ಮರದಚ್ಚು ಐತೆ. ಬುರುಡೆ ಇಲ್ಲ, ಗಿಳಿ ಐತೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮಗಳು ದೀಪು ಹೋದ ಮೇಲೆ ಆ ಅಚ್ಚನ್ನು ಅಟ್ಟದಿಂದ ಇಳಿಸಿರಲಿಲ್ಲ. ಗಿಳಿಯ ಕೊಕ್ಕನ್ನು ಮೊದಲು ಕಚ್ಚುವುದು ಆ ಮಗುವಿನ ಹಟವಾಗಿತ್ತು.

ಆಟಿಕೆ ಅಂಗಡಿಯಲ್ಲಿ ತೆರೇಸಾ ಒಂದು ಬುಗುರಿ ತೆಗೆದುಕೊಂಡಳು.

"ಇದು ಯಾರಿಗೆ?" ಎಂದಳು ಈರಮ್ಮ.

"ಅವಳ ತಮ್ಮನಿಗಂತೆ," ನಯನಾ ದನಿ ತಗ್ಗಿಸಿದಳು. "ಚಿಕ್ಕವನಿದ್ದಾಗಲೇ ತೀರಿಕೊಂಡನಂತೆ. ಇವತ್ತು ಮಕ್ಕಳ ದಿನ, ನಾಳೆ ದೊಡ್ಡವರದು. ಮಕ್ಕಳು ಓಡೋಡಿ ಬರ್ತವಲ್ಲ, ಅದಕ್ಕೇ ಅವಕ್ಕೆ ಮೊದಲು."

ಈರಮ್ಮ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟಳು. ಅವಳ ಮನೆಯಲ್ಲಿ ಪ್ರತಿ ಮಹಾಲಯ ಅಮಾವಾಸ್ಯೆಗೂ ಎಡೆ ಇಡುತ್ತಾರೆ. ಮಾವನಿಗೆ ಬಾಡಿನ ಸಾರು, ಬೀಡಿ, ಅತ್ತೆಗೆ ಎಲೆಅಡಿಕೆ. ದೀಪಶ್ರೀಗೆ ಏನೂ ಇಲ್ಲ. ಅಂಗನವಾಡಿಗೆ ಹೋಗುತ್ತಿದ್ದ ಮಗು ಜ್ವರ ಬಂದು ಹೋಯಿತು, ಮಣ್ಣು ಮಾಡಿ ಬಂದರು, ಅಲ್ಲಿಗೆ ಮುಗಿಯಿತು. ಮಕ್ಕಳು ಹಿರಿಯರ ಸಾಲಿಗೆ ಸೇರುವುದಿಲ್ಲವಂತೆ. ವರ್ಷವೂ ಅತ್ತೆ ಮಾವನಿಗೆ ಬಡಿಸುವಾಗ ಈರಮ್ಮ ಹೊಸಿಲ ಕಡೆ ನೋಡುತ್ತಿದ್ದಳು. ನನ್ನ ಮಗು ಹೊಸಿಲಾಚೆ ನಿಂತು ಎಲ್ಲರೂ ಉಣ್ಣುವುದನ್ನು ನೋಡುತ್ತಿದ್ದರೆ?

ಸಂತೋಷಕ್ಕೋ ಸಂಕಟಕ್ಕೋ, ಅಂಗಡಿಯಲ್ಲೇ ಕಣ್ಣೀರು ಬಂತು. ತೆರೇಸಾ ಚೆಂಡುಹೂವನ್ನು ಎರಡು ಪಾಲು ಮಾಡಿ, ಒಂದನ್ನು ಈರಮ್ಮನ ಚೀಲಕ್ಕೆ ತುಂಬಿದಳು.

ಮಧ್ಯಾಹ್ನ ಹೋಂಸ್ಟೇಯ ಮುಂದಿನ ಕೋಣೆಯಲ್ಲಿ ತೆರೇಸಾ ತಮ್ಮನ ಫೋಟೋ ಇಟ್ಟಳು. ನೀರು, ಉಪ್ಪು, ಕುಂಬಳ, ಬುಗುರಿ, ಈರಮ್ಮ ಅಟ್ಟದಿಂದ ಅಚ್ಚು ಇಳಿಸಿ ಎರೆದ ಸಕ್ಕರೆ ಗಿಳಿ. ಸಾಂಬ್ರಾಣಿ ಹೊಗೆ ಎದ್ದದ್ದೇ ಈರಮ್ಮ ಅಭ್ಯಾಸಬಲದಿಂದ ಎಲ್ಲರನ್ನೂ ಹೊರಗೆ ದಬ್ಬಿ ಬಾಗಿಲು ಎಳೆದುಬಿಟ್ಟಳು. ಎಡೆ ಇಟ್ಟ ಮೇಲೆ ಬಾಗಿಲು ಹಾಕಬೇಕು, ಹಿರಿಯರು ಉಣ್ಣುವಾಗ ನಾವು ನೋಡಬಾರದು, ಆಮೇಲೆ ಕೆಮ್ಮಿ ಸದ್ದು ಮಾಡಿಯೇ ತೆಗೆಯಬೇಕು. ಇದು ಯಾರಿಗೆ ಗೊತ್ತಿಲ್ಲ?

ತೆರೇಸಾಳಿಗೆ ಗೊತ್ತಿರಲಿಲ್ಲ. ಗಾಬರಿಯಾಗಿ ಬಾಗಿಲು ತೆರೆದು, ಹೊಸಿಲಿನಿಂದ ಅಂಗಳದವರೆಗೆ ಹೂವಿನ ಎಸಳು ಚೆಲ್ಲಿದಳು. ದಾರಿ ಬೇಡವೇ, ಬಾಗಿಲು ಹಾಕಿದರೆ ತಮ್ಮ ಬರುವುದು ಹೇಗೆ? "ಅವರವರ ಪದ್ಧತಿ ಕಣ್ರೀ," ಎಂದು ಈರಮ್ಮ ಹಿಂದೆ ಸರಿದಳು.

ಸಂಜೆ ಎಸ್ಟೇಟಿನ ಆಳುಗಳ ಲೈನಿನ ಮನೆಗೆ ಬಂದಾಗ ಅವಳ ಗಂಡ ಚಲುವಯ್ಯ ಸ್ಟೋರಿನ ಕೆಲಸ ಮುಗಿಸಿ ಕೈಕಾಲು ತೊಳೆಯುತ್ತಿದ್ದ. ಪದ್ಧತಿಯ ವಿಷಯದಲ್ಲಿ ಒಂದಿಂಚು ಆಚೀಚೆ ಆಗದ ಮನುಷ್ಯ. ಈರಮ್ಮ ಪೀಠಿಕೆ ಹಾಕಲಿಲ್ಲ.

"ಇವತ್ತು ದೀಪೂಗೆ ಎಡೆ ಇಡ್ತೀನಿ."

"ತಲೆ ಕೆಟ್ಟೈತಾ? ಮಗೀಗೆ ಎಡೆ ಇಡಂಗಿಲ್ಲ ಅಂತ ಗೊತ್ತಿಲ್ವಾ ನಿಂಗೆ?"

"ಗೊತ್ತು. ಇಷ್ಟು ವರ್ಷ ಗೊತ್ತಿದ್ದೇ ಸುಮ್ನಿದ್ದೆ. ನಿಮ್ಮಪ್ಪಂಗೆ ಬೀಡಿ ಹಚ್ಚಿ ಇಡ್ತೀರಲ್ಲ, ನನ್ನ ಮಗೀಗೆ ಒಂದು ಹಿಡಿ ಮಂಡಕ್ಕಿ ಇಟ್ರೆ ಯಾವ ದೇವ್ರು ಮುನಿಸ್ಕತ್ತಾನೆ?"

ಅವನು ಚೊಂಬನ್ನು ಕುಕ್ಕಿ ಇಟ್ಟ, ಅಂಗಳದ ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತ. ಬೇಡ ಎಂದು ಎರಡನೇ ಸಲ ಹೇಳಲಿಲ್ಲ. ಈರಮ್ಮ ಅಷ್ಟನ್ನೇ ಒಪ್ಪಿಗೆ ಎಂದುಕೊಂಡಳು.

ಒಳಗೆ ಎಳೆ ಬಾಳೆಎಲೆ ಹಾಸಿದಳು. ಅಂಗನವಾಡಿಯಲ್ಲಿ ತೆಗೆದ ಫೋಟೋ, ಎರಡು ಜಡೆ, ಒಂದಕ್ಕೆ ಟೇಪಿಲ್ಲ. ಮಂಡಕ್ಕಿ, ಬೆಲ್ಲದ ಕುಂಬಳ, ಸಕ್ಕರೆ ಗಿಳಿ. ಸುತ್ತ ಚೆಂಡುಹೂವು. "ಉಣ್ಣವ್ವ" ಎಂದಳು. ಹಿಂದಕ್ಕೆ ಸರಿದು, ಬಾಗಿಲನ್ನು ಮುಂದಕ್ಕೆ ಎಳೆದುಕೊಂಡು ಅಂಗಳಕ್ಕೆ ಬಂದಳು. ಎಡೆ ಇಡುವುದಾದರೆ ಕ್ರಮವಾಗಿಯೇ ಇಡಬೇಕು, ನಾಳೆ ಗಂಡ ಒಂದು ಮಾತು ಆಡುವಂತಾಗಬಾರದು.

ಗಂಡನ ಪಕ್ಕದಲ್ಲೇ ಕೂತಳು. ಗುಡ್ಡದ ಮೇಲಿಂದ ಚಳಿ ಇಳಿಯುತ್ತಿತ್ತು. ಇಂಥ ಚಳಿಯಲ್ಲೇ ಈ ಮನೆಯಲ್ಲಿ ದಿನವೂ ಜಗಳ ನಡೆಯುತ್ತಿತ್ತು. ಚಲುವಯ್ಯ ಬಾಗಿಲು ಹಾಕುವುದು, ಮಗು ಅತ್ತು ರಂಪ ಮಾಡಿ ತೆಗೆಸುವುದು. ಮುಚ್ಚಿದ ಬಾಗಿಲೆಂದರೆ ಅದಕ್ಕೆ ಜೀವ ಹೋಗುವಷ್ಟು ಭಯ. "ಗಾಳಿ ನುಗ್ತದೆ ಕಣೇ, ಹಾಕಿರ್ಲಿ ಬಿಡು" ಎಂದು ಅವನು ಗದರಿ, ಕಡೆಗೆ ತಾನೇ ಎದ್ದು ಒಂದು ಗೇಣು ತೆರೆದಿಟ್ಟು ಮಲಗುತ್ತಿದ್ದ.

ಚಲುವಯ್ಯ ಈಗ ಇತ್ತ ತಿರುಗಿ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದ. ಗಂಟಲು ಸರಿಮಾಡಿಕೊಂಡ. ಬೈಗುಳ ಬರುತ್ತದೆ ಎಂದು ಈರಮ್ಮ ಸೆರಗು ಬಿಗಿದುಕೊಂಡಳು.

"ಬಾಗ್ಲು ತೆಗಿಯೇ," ಎಂದ ಅವನು. "ಮಗು ಹೆದರ್ಕತ್ತದೆ."

ಅವಳು ಏಳುವಷ್ಟರಲ್ಲಿ ಅವನೇ ಎದ್ದು ಹೋಗಿ, ಬಾಗಿಲನ್ನು ಪೂರ್ತಿ ತೆರೆದು, ಅದು ಮತ್ತೆ ಮುಚ್ಚಿಕೊಳ್ಳದಂತೆ ಒಂದು ಕಲ್ಲು ಒತ್ತಿಟ್ಟ.