ಸಂಶೋಧಕಿಗೆ ಬೇಕಾದ ದೂರ

ಸಮಾಜಶಾಸ್ತ್ರದ ಆ ಪ್ರೊಫೆಸರರು ಒಂದು ಬೇಸಿಗೆ ಕೊಳೆಗೇರಿಯಲ್ಲಿ ಬಾಡಿಗೆಗಿದ್ದು, ಆಮೇಲೆ ಜೀವಮಾನವಿಡೀ ಅದರ ಮೇಲೇ ಪುಸ್ತಕ ಬರೆದು ಭಾಷಣ ಬಿಗಿದವರು. ಅದೇ ಕೇರಿಯಲ್ಲಿ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ಅವರ ಕೈಕೆಳಗೆ ಪಿಎಚ್‌ಡಿಗೆ ಸೇರಿದಳು. ತನ್ನ ಅಮ್ಮನಂತೆ ಮನೆಗೆಲಸಕ್ಕೆ ಹೋಗುವ ಹೆಂಗಸರ ಬಗ್ಗೆ ಬರೆಯುತ್ತೇನೆಂದು ಅವಳು ಹೇಳಿದಾಗ ಪ್ರೊಫೆಸರರು ಮೂಗು ಮುರಿದರು.

"ನೀನು ಅಲ್ಲಿಯವಳೇ ಅಲ್ವೇನಮ್ಮಾ? ನಿಂಗೆ ವಸ್ತುನಿಷ್ಠವಾಗಿ ನೋಡೋಕಾಗಲ್ಲ. ಸಂಶೋಧಕರಿಗೆ ದೂರ ಬೇಕು, ದೂರ!"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ನೆಂಟರ ಹಾಗೆ ಬಂದು ಹೋದವರದು ವಿಜ್ಞಾನ, ಹುಟ್ಟಿದಾಗಿನಿಂದ ಕಂಡವಳದು ಬರೀ ಗೋಳು! ವಾರ ಕಳೆದು ಹೊಸ ವಿಷಯ ಹಿಡಿದು ಬಂದಳು: ಪ್ರೊಫೆಸರರ ಮಕ್ಕಳೇ ಪ್ರೊಫೆಸರರಾಗುವುದು ಹೇಗೆ?

"ನಿಮ್ಮ ಕ್ವಾರ್ಟರ್ಸ್‌ನಲ್ಲೇ ಸಂದರ್ಶನ ಮಾಡ್ತೀನಿ ಸರ್. ನಿಮ್ಮಿಂದ ನಾನು ಬೇಕಾದಷ್ಟು ದೂರ ಇದ್ದೀನಿ."

ಪ್ರೊಫೆಸರರ ಮಗ ಹೋದ ವರ್ಷವಷ್ಟೇ ಅದೇ ವಿಭಾಗಕ್ಕೆ ಉಪನ್ಯಾಸಕನಾಗಿ ಸೇರಿದ್ದ. ಅವರ ಮುಖ ಹುಳ್ಳಗಾಯಿತು.

"ಮನೆ ವಿಷಯ ಬೀದಿಗೆ ತರೋದು ಸಭ್ಯತೆ ಅಲ್ಲ ಕಣಮ್ಮಾ."

"ನಮ್ಮ ಮನೆಗಳ ವಿಷಯ ಪುಸ್ತಕ ಮಾಡಿ ಮಾರಿದಾಗ ಆ ಸಭ್ಯತೆ ಎಲ್ಲಿತ್ತು ಸರ್?"

ಅವರು ಒಪ್ಪಿಗೆ ಕೊಡಲಿಲ್ಲ. ಅವಳು ಜಗ್ಗದೆ ಬೇರೆ ಮಾರ್ಗದರ್ಶಕಿಯನ್ನು ಹುಡುಕಿಕೊಂಡಳು. ಸಂದರ್ಶನಕ್ಕೆ ಎಲ್ಲರಿಗಿಂತ ಮೊದಲು ಒಪ್ಪಿದವರು ಪ್ರೊಫೆಸರರ ಹೆಂಡತಿ. ಪಾಪ, ಮುಚ್ಚುಮರೆ ಅರಿಯದ ಹೆಂಗಸು. ಹುಡುಗಿಯನ್ನು ಸೋಫಾದ ಮೇಲೆ ಕೂರಿಸಿ ಹೆಮ್ಮೆಯಿಂದ ಶುರುಮಾಡಿದರು:

"ಬರ್ಕೊಳಮ್ಮಾ. ಮಗನಿಗೆ ಆ ಕೆಲಸ ಕೊಡಿಸೋಕೆ ನಮ್ಮನೆಯವರು ಯಾರ್ಯಾರ ಮನೆ ಬಾಗಿಲು ತಟ್ಟಿದ್ರು ಗೊತ್ತಾ?"