ತಾಮ್ರ ಕುಡಿದ ಕಲ್ಲು

ನಮ್ಮಿಬ್ಬರಲ್ಲಿ ಯಾರ ಹವಳ ಸತ್ತರೂ ಇನ್ನೊಬ್ಬಳು ತನ್ನದರಲ್ಲಿ ಅರ್ಧ ಕೊಯ್ದು ಕೊಡಬೇಕು ಎಂದು ಅಪ್ಪ ಮಾತು ತೆಗೆದುಕೊಂಡಿದ್ದರು. ನಾನೂ ಅಕ್ಕನೂ ಹೂಂ ಎಂದಿದ್ದೆವು. ನನಗಾಗ ಮದುವೆಯಾಗಿರಲಿಲ್ಲ. ಅಪ್ಪನಿಗೆ ನೀರಿನ ಬಕೆಟ್ ಎತ್ತುವ ಶಕ್ತಿ ಹೋಗಿತ್ತು. ಉಪ್ಪುನೀರಿನ ಗಾಜಿನ ತೊಟ್ಟಿಯನ್ನು ಖಾಲಿ ಮಾಡಿದ ಆ ದಿನ, ಕವಲೊಡೆದು ಬೆಳೆದಿದ್ದ ಹವಳವನ್ನು ಸಣ್ಣ ಗರಗಸದಿಂದ ಕೊಯ್ದು ಇಬ್ಬರಿಗೂ ಹಂಚಿದರು. ಹವಳಕ್ಕೆ ಕೊಯ್ದರೂ ಜೀವವಿರುತ್ತದೆ; ಎರಡು ಪಾಲೂ ಬೆಳೆಯುತ್ತವೆ. ತೊಟ್ಟಿಯೊಳಗಿನ ಕಲ್ಲುಗಳು ಮಾತ್ರ ಎಲ್ಲವೂ ಅಕ್ಕನಿಗೆ ಹೋದವು. ಅವಳ ತೊಟ್ಟಿ ದೊಡ್ಡದು. ಅವು ಅಪ್ಪ ಒಂದೊಂದಾಗಿ ಆಯ್ದು, ವರ್ಷಗಟ್ಟಲೆ ನೀರಿನಲ್ಲಿ ಪಳಗಿಸಿದ ಕಲ್ಲುಗಳು.

ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಚಾದರ ಮಡಚುತ್ತೇನೆ. ಮಗಳ ಅಪ್ಪ ದೂರದ ದಾರಿಗಳಲ್ಲಿ ಲಾರಿ ಓಡಿಸುತ್ತಾರೆ, ಬಂದಾಗ ಬರುತ್ತಾರೆ. ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ತೊಟ್ಟಿಯ ನೀರು ಎಷ್ಟು ಇಳಿದಿದೆ ಎಂದು ನೋಡಿ, ಅಷ್ಟು ಸಿಹಿನೀರು ಸುರಿಯುತ್ತೇನೆ. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ವಾರಕ್ಕೊಮ್ಮೆ ಬಕೆಟ್ಟಿನಲ್ಲಿ ಹೊಸ ಉಪ್ಪು ಕದಡಿ ನೀರು ಬದಲಿಸುತ್ತೇನೆ. ಮಗಳು ಗಾಜಿನ ಪಾಚಿ ಕೆರೆಯುತ್ತಾಳೆ. ಯಾವುದೂ ಅವಳ ಕಣ್ಣಿಗೆ ತಪ್ಪುವುದಿಲ್ಲವಾದ್ದರಿಂದ ಅಕ್ಕ ಅವಳನ್ನು ಮುಂಗುಸಿ ಎಂದು ಕರೆಯುತ್ತಾಳೆ. ಶಾಲೆ ಬಿಟ್ಟ ಮೇಲೆ ನಾನು ಬರುವ ತನಕ ಮುಂಗುಸಿ ಇರುವುದು ಅಕ್ಕನ ಮನೆಯಲ್ಲೇ. ಅದೊಂದು ಇಲ್ಲದಿದ್ದರೆ ಈ ಕೆಲಸ ನನಗೆ ನಡೆಯುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ನನ್ನ ಹವಳಕ್ಕೆ ಕೊಳೆರೋಗ ಬಂತು. ಕಂದು ಲೋಳೆ ಕೊಂಬೆಯಿಂದ ಕೊಂಬೆಗೆ ಹಬ್ಬಿತು. ಕಡೆಗೆ ಉಳಿದದ್ದು ಎರಡೇ ತಲೆ, ನೀರಿನ ಸೆಳೆತಕ್ಕೆ ತೂಗಾಡುವ ಹಸಿರು ಬೆರಳುಗಳ ಎರಡು ಹಿಡಿ. ದುಃಖವಾಯಿತೆಂದು ಹೇಳಲಾರೆ. ಸತ್ತ ಕೊಂಬೆಗಳನ್ನು ಮುರಿದು ಕಸಕ್ಕೆ ಹಾಕಿ ಪಾಳಿಗೆ ಹೋದೆ.

ಆಮೇಲೆ ಒಂದು ದಿನ ಅಕ್ಕ ಫೋನು ಮಾಡಿದಳು.

"ನನ್ನದು ಹೋಯ್ತು ಕಣೇ."

"ಏನು ಹೋಯ್ತು?"

"ಹವಳ. ನಿಮ್ಮ ಭಾವ ವೈದ್ಯ ಮಾಡಿದ್ರು."

ಮೀನಿನ ಮೈಮೇಲೆ ಬಿಳಿ ಚುಕ್ಕಿ ಎದ್ದಿತ್ತಂತೆ. ಭಾವ ಅಂಗಡಿಯಿಂದ ಔಷಧಿ ತಂದು ಸೀಸೆ ಪೂರ್ತಿ ತೊಟ್ಟಿಗೇ ಸುರಿದಿದ್ದರು. ಅದು ತಾಮ್ರದ ಔಷಧಿ. ಅದನ್ನು ಹಾಕುವುದಾದರೆ ಮೀನನ್ನು ಹಿಡಿದು ಬೇರೆ ನೀರಿಗೆ ಬಿಡಬೇಕು. ಹವಳ, ಸಿಗಡಿ, ಬಸವನಹುಳು ಯಾವುದಕ್ಕೂ ತಾಮ್ರ ಆಗಿಬರುವುದಿಲ್ಲ. ಅಕ್ಕನ ತೊಟ್ಟಿಯಲ್ಲಿ ಮೀನೊಂದನ್ನು ಬಿಟ್ಟು ಎಲ್ಲವೂ ಸತ್ತಿದ್ದವು.

"ಆ ಮೀನು ನೋಡಬೇಕು ನೀನು. ಎಲ್ಲರನ್ನೂ ಕಳಿಸಿ ಯಜಮಾನನ ಹಾಗೆ ಓಡಾಡ್ತಿದೆ. ಭಾನುವಾರ ಬರ್ತೀನಿ, ಗರಗಸ ತೊಳೆದಿಡು."

ಭಾನುವಾರ ಅವಳು ಮುಚ್ಚಳವಿದ್ದ ಬಕೆಟ್ ಹಿಡಿದು ಬಂದಳು. ತೊಟ್ಟಿಯ ಮುಂದೆ ಬಗ್ಗಿ ನೋಡಿದಳು.

"ಇಷ್ಟೇನಾ? ಉಳಿದದ್ದನ್ನ ಹುರಿದು ತಿಂದ್ರಾ ಅಮ್ಮ ಮಗಳು?"

"ರೋಗ ಬಂದಿತ್ತು."

ಅಕ್ಕ ಬಕೆಟ್ಟಿನ ಮುಚ್ಚಳ ತೆಗೆದಳು. "ಹೋಗ್ಲಿ ಬಿಡು. ಎರಡಿದೆಯಲ್ಲ. ಒಂದು ನಿಂದು, ಒಂದು ನಂದು."

"ನಿನ್ನ ತೊಟ್ಟಿಯಲ್ಲಿ ಬದುಕಲ್ಲ ಅಕ್ಕಾ. ತಾಮ್ರ ಇನ್ನೂ ಇದೆ."

"ನೀರೆಲ್ಲ ಬದಲಾಯಿಸಿ ನಡು ಬಿದ್ದುಹೋಗಿದೆ ನಂಗೆ. ಎಲ್ಲಿಂದ ಬರುತ್ತೆ ತಾಮ್ರ?"

"ಕಲ್ಲಿಂದ. ಕಲ್ಲು ಕುಡಿದಿರುತ್ತೆ. ಆಮೇಲೆ ಸ್ವಲ್ಪ ಸ್ವಲ್ಪ ಬಿಡ್ತಾ ಇರುತ್ತೆ."

"ಕೊಡೋಕೆ ಮನಸ್ಸಿಲ್ಲ ಅಂದ್ರೆ ನೆಟ್ಟಗೆ ಹೇಳು. ಪಾಪದ ಕಲ್ಲಿನ ಮೇಲೆ ಯಾಕೆ ಹಾಕ್ತೀಯ?"

ವಾದಿಸುವ ತ್ರಾಣ ನನ್ನಲ್ಲಿರಲಿಲ್ಲ. ಗಾಜಿಗೆ ಅಂಟಿಕೊಂಡಿದ್ದ ಬಸವನಹುಳುವೊಂದನ್ನು ಹಿಡಿಯಲು ಮುಂಗುಸಿಗೆ ಹೇಳಿದೆ. ಮೊದಲು ಇದನ್ನು ನಿನ್ನ ತೊಟ್ಟಿಗೆ ಬಿಡು, ಇದು ಬದುಕಿದರೆ ಹವಳ ಕೊಯ್ದು ನಾನೇ ತರುತ್ತೇನೆ ಎಂದು ಅಕ್ಕನಿಗೆ ಹೇಳಿದೆ.

"ಆಯ್ತಮ್ಮ. ಇನ್ನು ಮೇಲೆ ಹುಳ ಹೇಳಿದ ಹಾಗೆ ಕೇಳೋದು," ಎಂದು ಅಕ್ಕ ಅದನ್ನು ಬಕೆಟ್ಟಿಗೆ ಹಾಕಿಕೊಂಡಳು.

ವಾರದ ನಡುವೆ ಫೋನು ಬಂತು. "ನಿನ್ನ ಹುಳ ಗುಂಡುಕಲ್ಲಿನ ಹಾಗಿದೆ. ಕೊಯ್ಕೊಂಡು ಬಾ."

ಪಾಳಿಯಿಂದ ನನಗೆ ರಜೆಯಿದ್ದ ದಿನ ಹವಳವನ್ನು ನೀರಿನಿಂದೆತ್ತಿ ಒದ್ದೆ ಬಟ್ಟೆಯ ಮೇಲಿಟ್ಟೆ. ಹಸಿರು ಬೆರಳುಗಳು ತಮ್ಮ ಸುಣ್ಣದ ಗೂಡಿನೊಳಗೆ ಮುದುಡಿಕೊಂಡವು. ಕವಲಿಗೆ ಗರಗಸ ಇಟ್ಟು ಎಳೆದಾಗ ಸೀಮೆಸುಣ್ಣದಂಥ ಪುಡಿ ಉದುರಿತು. ಅಪ್ಪ ನೆನಪಾಗಲಿಲ್ಲ. ಚಾದರದ ಮೂಲೆಗೆ ಮೂಲೆ ಸೇರಿಸುವಾಗ ಇರುವಂತೆಯೇ ಇದ್ದೆ. ಒಂದು ತಲೆಯನ್ನು ನನ್ನ ತೊಟ್ಟಿಗೆ ಮರಳಿಸಿ, ಇನ್ನೊಂದನ್ನು ನೀರು ತುಂಬಿದ ಚೀಲದಲ್ಲಿಟ್ಟುಕೊಂಡು ಅಕ್ಕನ ಮನೆಗೆ ನಡೆದೆ.

ಮುಂಗುಸಿ ಎಂದಿನಂತೆ ಶಾಲೆಯಿಂದ ಆಗಲೇ ಅಲ್ಲಿಗೆ ಬಂದಿದ್ದಳು. ಬಾಗಿಲಲ್ಲೇ ನನ್ನ ಸೆರಗು ಜಗ್ಗಿದಳು.

"ಅಮ್ಮಾ, ಹುಳ ಬಿದ್ದಾಗೆಲ್ಲ ದೊಡ್ಡಮ್ಮ ಎತ್ತಿ ಎತ್ತಿ ಗಾಜಿಗೆ ಆನಿಸ್ತಿದ್ದಾರೆ."

"ಅಯ್ಯೋ ಚಾಡಿಕೋರಿ," ಎಂದಳು ಅಕ್ಕ. ಬಯ್ದಂತೆ ಇರಲಿಲ್ಲ.

ನಾವು ನೋಡುತ್ತಿದ್ದಂತೆಯೇ ಬಸವನಹುಳು ಗಾಜಿನಿಂದ ಕಳಚಿ ಮರಳಿನ ಮೇಲೆ ಅಂಗಾತ ಬಿತ್ತು. ಮೀನು ಅದನ್ನೊಮ್ಮೆ ಮೂಸಿ ಹೋಯಿತು.

"ನಿದ್ದೆಗಣ್ಣಲ್ಲಿದೆ ಅದು," ಎಂದಳು ಅಕ್ಕ.

"ಕಲ್ಲು ತೆಗೆದು ಬಿಸಾಕು ಅಕ್ಕಾ. ಹೊಸ ಕಲ್ಲು ಹಾಕು. ಅಲ್ಲೀವರೆಗೆ ನಿನ್ನ ಪಾಲು ನನ್ನ ಹತ್ರ ಇರಲಿ."

"ಅಪ್ಪ ಮುಟ್ಟಿದ ಕಲ್ಲು. ನನ್ನ ಹತ್ರ ಅಪ್ಪಂದು ಅಂತ ಬೇರೆ ಏನಿದೆ ಈಗ? ಬಿಸಾಕಲ್ಲ."

"ಹಾಗಾದ್ರೆ ಇದು ಇಲ್ಲಿ ಸಾಯುತ್ತೆ."

"ಸತ್ರೆ ಸಾಯಲಿ. ನನ್ನ ಮನೇಲಿ ಸಾಯಲಿ. ನೀನು ಮಾತು ಕೊಟ್ಟಿದ್ದೆ."

ಕುರ್ಚಿಯಲ್ಲಿದ್ದ ಭಾವ ಏನೋ ಹೇಳಲು ಬಾಯಿ ತೆರೆದರು. "ನೀವು ಸುಮ್ನಿರಿ ಡಾಕ್ಟ್ರೇ," ಎಂದಳು ಅಕ್ಕ, ನನ್ನ ಮುಖದಿಂದ ಕಣ್ಣು ತೆಗೆಯದೆ.

ಚೀಲವನ್ನು ಎತ್ತಿಕೊಂಡೆ. ನೀರು ಆಗಲೇ ತಣ್ಣಗಾಗತೊಡಗಿತ್ತು.

"ತಗೊಂಡು ಹೋದ್ರೆ ನಾಳೆಯಿಂದ ಇವಳನ್ನೂ ಕಳಿಸ್ಬೇಡ."

"ಸರಿ," ಎಂದೆ. ಮುಂಗುಸಿ ಪುಸ್ತಕಗಳನ್ನು ಜೋಡಿಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡಳು. ಅಕ್ಕ ಅವಳ ನೀರಿನ ಬಾಟಲಿಯನ್ನು ತಾನೇ ತುಂಬಿಸಿ ಕೊಟ್ಟು ಒಳಗೆ ಹೋದಳು.

ಈಗ ಮಗಳ ಕೊರಳಲ್ಲಿ ಮನೆಯ ಬೀಗದ ಕೈ ಇದೆ. ಪಾಳಿಯ ನಡುವೆ ಫೋನು ಮಾಡಿ ಬಾಗಿಲು ಹಾಕಿಕೊಂಡೆಯಾ ಎಂದು ಕೇಳುತ್ತೇನೆ. ಕೊಯ್ದ ಎರಡು ತಲೆಗಳೂ ನನ್ನ ತೊಟ್ಟಿಯಲ್ಲೇ ಅಕ್ಕಪಕ್ಕ ಅರಳಿಕೊಂಡಿವೆ. ಅಕ್ಕ ಕಲ್ಲುಗಳನ್ನು ತೆಗೆದಿಲ್ಲ. ನಾನು ಅರ್ಧ ಕೊಡಲಿಲ್ಲ. ಅಪ್ಪನಿಗೆ ಕೊಟ್ಟ ಮಾತಿಗೆ ತಪ್ಪಿದೆ.