ಕಡಿಯೋಕೆ ಕಾರ್ಡೈತೆ

"ಕೈಯಾಡ್ಸೇ ಮುಂಡೆ, ಬೇಸಿನ್ನು ಕುದೀತಾ ಐತೆ. ನಿನ್ ಗಂಡನ ಕಾಲು ಕೊಳ್ತ್ರೆ ನನ್ ಗೂಡೂ ಕೊಳೀಬೇಕಾ?"

ರೇಷ್ಮೆ ನೂಲು ಬಿಚ್ಚುವ ಫಿಲೇಚರಿನ ಮಾಲೀಕ ಮನೋಹರ್ ಬಾಗಿಲಲ್ಲೇ ನಿಂತು ಕೂಗಿದ. ಪುಟ್ಟಲಕ್ಷ್ಮಮ್ಮ ಕುದಿನೀರಲ್ಲಿ ತೇಲುವ ರೇಷ್ಮೆಗೂಡುಗಳ ನಡುವೆ ಬೆರಳಾಡಿಸಿ, ಎಳೆ ಹುಡುಕಿ ರಾಟೆಗೆ ಕೊಟ್ಟಳು.

"ಇನ್ನೂ ಮುಂಡೆ ಆಗಿಲ್ಲ ಸಾಮಿ," ಅಂದಳು ತಲೆಯೆತ್ತದೆ.

ಅವನು ಉಗಿದು ಹೋದ. ಪಕ್ಕದ ಬೇಸಿನ್ನಿನ ನಿಖಾತ್ ಅವಳ ಸೆರಗು ಜಗ್ಗಿದಳು. "ಹೋಗಕ್ಕ, ನಿನ್ ಬೇಸಿನ್ ನಾನ್ ನೋಡ್ಕೋತೀನಿ. ಇವತ್ತಾದ್ರೂ ಆಸ್ಪತ್ರೆಯೋರ್ ಕೈಲಿ ಬೆಂಗ್ಳೂರ್ಗೆ ಆ ಕಾಗ್ದ ಕಳ್ಸಿಸ್ಕೊಂಡೇ ಬಾ."

ಗಂಡ ಪುಟ್ಟಲಿಂಗಯ್ಯ ಇದೇ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ದುಡಿದವನು. ಸಕ್ಕರೆ ಕಾಯಿಲೆಯ ಹುಣ್ಣು ಪಾದದಲ್ಲಿ ಒಳಗೊಳಗೇ ಕೊಳೆತದ್ದು ಇಬ್ಬರಿಗೂ ತಿಳಿಯಲಿಲ್ಲ. ಸತ್ತ ಹುಳದ ನಾತ ಅವರ ಸೀರೆ, ಕಂಬಳಿ, ತಟ್ಟೆಯ ಮುದ್ದೆಗೂ ಹತ್ತಿತ್ತು. ಆ ನಾತದೊಳಗೆ ಈ ನಾತವೂ ಸೇರಿಹೋಯಿತು.

"ಮೂಗಿಲ್ವೇನಮ್ಮ ನಿಮಗೆ?" ಎಂದು ನರ್ಸಿಂಗ್ ಹೋಮಿನ ಡಾಕ್ಟರು ಮೊದಲ ದಿನ ಮುಖ ಸಿಂಡರಿಸಿ ಕೇಳಿದ್ದರು.

"ಹುಳ ಬೇಯ್ಸೋರು ಸಾಮಿ ನಾವು."

ಅವತ್ತೇ ಅವಳು ಅಲ್ಲೇ ಇದ್ದ ಸರ್ಕಾರದ ಆರೋಗ್ಯ ಕಾರ್ಡಿನ ಕೌಂಟರಿಗೆ ಹೋಗಿದ್ದಳು. ಕೂತಿದ್ದವನು ಗಣೇಶ.

"ದಿನಾ ಪಟ್ಟಿ ಕಟ್ಟೋದು ಇದ್ರಲ್ಲಿ ಬತ್ತದಾ ಸಾಮಿ?"

"ಬರಲ್ಲ."

"ಸೂಜಿ, ಮಾತ್ರೆ?"

"ಅಡ್ಮಿಟ್ ಆಗ್ದೆ ಯಾವ್ದೂ ಬರಲ್ಲಮ್ಮ."

"ಇನ್ನೇನ್ ಬತ್ತದೆ?"

"ಕಾಲು ತೆಗ್ಯೋದು ಬರ್ತದೆ. ಪೂರ್ತಿ ಫ್ರೀ. ಊಟಾನೂ ಕೊಡ್ತಾರೆ."

ಕಟ್ಟಿಕೊಂಡ ರಕ್ತನಾಳ ಬಿಡಿಸಿ ಕಾಲು ಉಳಿಸುವುದೂ ಅದೇ ಕಾರ್ಡಿನಲ್ಲಿ ಆಗುತ್ತದೆಂದು ಅವಳಿಗೆ ತಿಳಿದದ್ದು ಆಮೇಲೆ, ಪಟ್ಟಿ ಕಟ್ಟುವ ಆಯಾಳ ಬಾಯಿಂದ. ಅದು ಆಗುವುದು ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ. ನಮ್ಮ ಕೈಲಾಗುವುದಿಲ್ಲ, ನೀವು ನೋಡಿ ಎಂದು ಇಲ್ಲಿಯ ಡಾಕ್ಟರು ಕಾಗದ ಕಳಿಸಬೇಕು. ಕೇಳಿದಾಗ ಸೋಮವಾರ ಅಂದರು. ಸೋಮವಾರ ಹೋದರೆ ಹಬ್ಬ ಕಳೆಯಲಿ ಅಂದರು. "ಇಲ್ಲೇ ಕಡುದ್ರೆ ಸರ್ಕಾರದ ದುಡ್ಡು ಇಲ್ಲಿಗೇ ಬತ್ತದೆ ಕಣವ್ವ, ಅವ್ರ್ಯಾಕೆ ಕಳುಸ್ತಾರೆ," ಎಂದು ಆಯಾ ಪಿಸುಗುಟ್ಟಿದ್ದಳು.

ಇವತ್ತು ಅವಳು ಹೋಗುವಷ್ಟರಲ್ಲಿ, ಅಲ್ಲೇ ಅಡ್ಮಿಟ್ ಆಗಿದ್ದ ಪುಟ್ಟಲಿಂಗಯ್ಯನನ್ನು ಆಪರೇಷನ್ ಕೋಣೆಯ ಬಾಗಿಲಿಗೆ ತಂದು ಮಲಗಿಸಿದ್ದರು. ಗಣೇಶ ಶಾಯಿಡಬ್ಬಿ ಮುಂದೆ ಹಿಡಿದ.

"ಇಲ್ಲಿ ಒತ್ತಮ್ಮ."

"ಏನ್ ಬರ್ದೈತೆ?"

"ಒಪ್ಗೆ. ಓದ್ಬುಟ್ಟು ಡೀಸಿ ಆಗ್ಬೇಕಾ ನೀನು?"

ಅವಳು ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. "ಒತ್ತಾಕಿಲ್ಲ."

ಡಾಕ್ಟರು ಹೊರಗೆ ಬಂದರು. "ತಡ ಮಾಡಿದ್ರೆ ನಿನ್ನ ಗಂಡ ಸಾಯ್ತಾನೆ. ತಲೇಲಿ ಮಣ್ಣು ತುಂಬ್ಕೊಂಡಿದ್ದೀಯಾ?"

"ತಡ ಮಾಡ್ದೋರ್ಯಾರು ಸಾಮಿ? ಕಾಗ್ದ ಕಳ್ಸಿ. ಬೆಂಗ್ಳೂರ್ನೋರು ಉಳ್ಸಾಕಾಗಲ್ಲ ಅಂದ್ರೆ ನಾನೇ ಬಂದು ಒತ್ತೀನಿ. ಕಳುಸ್ದೆ ಇವ್ರು ಸತ್ರೆ ಹೆಣ ಇಲ್ಲೇ ಇರ್ತದೆ. ನಾನೂ ಇರ್ತೀನಿ."

ಹಾಗೆಂದು ಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೆ ಮಲಗಿಬಿಟ್ಟಳು. ಹಿಂದೆ ಇನ್ನೊಂದು ಸ್ಟ್ರೆಚರ್ ಬಂದು ನಿಂತಿತು. ಅದರ ಜೊತೆಯವರು ಮೊದಲು ಅವಳನ್ನು ಬೈದರು. "ಎದ್ದೇಳೇ, ನಾಟ್ಕ ಸಾಕು." ಅವಳು ಅಲ್ಲಾಡಲಿಲ್ಲ. ಆಮೇಲೆ ಅವರಲ್ಲೊಬ್ಬ ಡಾಕ್ಟರ ಕಡೆ ತಿರುಗಿದ. "ಒಂದ್ ಕಾಗ್ದ ತಾನೇ ಸಾರ್? ಅದ್ಕೆ ಎಷ್ಟ್ ದಿನ ಬೇಕು ನಿಮ್ಗೆ?"

ಡಾಕ್ಟರು ಕೈಗವಸು ಕಿತ್ತು ಎಸೆದು ಕೌಂಟರಿಗೆ ನಡೆದರು. ಕಾಗದದ ಒಕ್ಕಣೆ ಹೇಳುತ್ತಾ ಹೋದರು, ಹಿಂದೆಯೇ ಬಂದ ಗಣೇಶ ಕಂಪ್ಯೂಟರಿನಲ್ಲಿ ಬಡಿಯುತ್ತಾ ಹೋದ.

ಪುಟ್ಟಲಕ್ಷ್ಮಮ್ಮ ಎದ್ದು ಗಂಡನ ಕಾಲ ಬಳಿ ನಿಂತಳು.

"ಅಮ್ಮಿ," ಅಂದ ಪುಟ್ಟಲಿಂಗಯ್ಯ ಕಣ್ಣು ಮುಚ್ಚಿಕೊಂಡೇ. "ಬೆರಳು ಒಸಿ ಚಿವುಟು. ಜೀವ ಐತಾ ನೋಡನ."

ಅವಳು ಆಗಲಿಂದಲೂ ಉಗುರು ಊರಿ ಚಿವುಟುತ್ತಲೇ ಇದ್ದಳು.

"ತಗ, ಹೋಯ್ತು ನಿನ್ ಕಾಗ್ದ," ಎಂದು ಕೌಂಟರಿನಿಂದ ಗಣೇಶ ಕೂಗಿದ.